ಅತ್ತೆ ಆರಿಸಿದ ನೀಲಿ ಏರ್‌ಗನ್

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟಿದೆ. ಶರ್ಟಿನ ಗುಂಡಿಯಷ್ಟು ಅಗಲ, ಅಷ್ಟೇ ಗಟ್ಟಿ. ನನ್ನ ಮಗಳು ಪುಟ್ಟಿ ಹಾಲು ಕುಡಿಯುವ ಕಾಲದಿಂದಲೂ ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಾಳೆ. ಅದು ಕತ್ತರಿ ಕೊಟ್ಟ ಗಂಟು. ಕತ್ತರಿ ಹೋಗಿ ಕರೆಂಟಿನ ಚಾಕು ಬಂದ ಮೇಲೂ ಕರಗಲಿಲ್ಲ.

ಅತ್ತೆ ಒಂದು ಸಮವಸ್ತ್ರ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದರು. ಶಾಲೆ ಮಕ್ಕಳ ಶರ್ಟು, ಕಾವಲುಗಾರರ ಪ್ಯಾಂಟು, ನರ್ಸುಗಳ ಕೋಟು. ಹೊಲಿಯುವವರು ಸಾಲುಸಾಲು, ಕತ್ತರಿಸುವವರು ಮೂರೋ ನಾಲ್ಕೋ ಜನ. ಅವರಲ್ಲಿ ಹೆಂಗಸು ಇವರೊಬ್ಬರೇ ಆದ್ದರಿಂದ ಎಲ್ಲರಿಗೂ ಮಾಸ್ಟರಮ್ಮ. ಹಾಲ್‌ನಷ್ಟು ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಚಾಕು ನಡೆಸಬೇಕು. ಒಂದು ಗೆರೆ ತಪ್ಪಿದರೆ ಅಷ್ಟೂ ಪದರ ತಪ್ಪಿದಂತೆ. ನೇರ ಗೆರೆ ಯಾರು ಬೇಕಾದರೂ ಕತ್ತರಿಸುತ್ತಾರೆ, ಕಂಕುಳಿನ ತಿರುವಿನಲ್ಲಿ ಕೈಯ ಬಂಡವಾಳ ಬಯಲಾಗುತ್ತದೆ ಎನ್ನುವುದು ಅತ್ತೆಯ ಮಾತು. ಆ ತಿರುವಿನಲ್ಲಿ ಅವರು ಉಸಿರಾಡುತ್ತಿರಲಿಲ್ಲವಂತೆ. ಪಕ್ಕದ ಮೇಜಿನವರು ಚಾಕುವಿನ ಸದ್ದಿಗಿಂತ ಮೊದಲು ಮಾಸ್ಟರಮ್ಮನ ಉಸಿರು ನಿಂತದ್ದನ್ನು ಕೇಳಿಸಿಕೊಳ್ಳುತ್ತಿದ್ದರಂತೆ.

ಕೆಲಸ ಬಿಟ್ಟು ನಮ್ಮ ಜೊತೆ ಇರಲು ಬಂದಾಗ, "ವಯಸ್ಸಾಯ್ತು, ಸಾಕು ಅನ್ನಿಸ್ತು" ಎಂದರು. ನಿಜ ಏನೆಂದು ನನ್ನ ಗಂಡ ಆಮೇಲೆ ಹೇಳಿದರು. ಒಂದು ದಿನ ನರ್ಸುಗಳ ಕೋಟಿನ ತೋಳು ಕತ್ತರಿಸುವಾಗ ತಿರುವು ಬೆರಳಗಲ ಆಚೆ ಹೋಯಿತು. ಹಾಸಿದ್ದ ಅಷ್ಟೂ ಪದರದ ಬಟ್ಟೆ ದಂಡ. ಮಾಲೀಕರು ಒಳ್ಳೆಯವರು, ಬೈಯಲಿಲ್ಲ. ಮಾರನೆಯ ದಿನದಿಂದ ಇವರನ್ನು ಗುಂಡಿ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ಮೇಜಿಗೆ ಕೂರಿಸಿದರು. ಬೈದಿದ್ದರೆ ಅತ್ತೆ ತಿರುಗಿ ಬೈದು ಅಲ್ಲೇ ಇರುತ್ತಿದ್ದರೇನೋ. ಆ ಒಳ್ಳೆಯತನವನ್ನು ತಡೆದುಕೊಳ್ಳಲಾಗದೆ ಬಿಟ್ಟು ಬಂದರು.

ಇನ್ನು ನನ್ನ ವಿಷಯ. ನಾನು ದ್ರಾಕ್ಷಿ ಹಣ್ಣನ್ನು ನಾಲ್ಕು ಹೋಳು ಮಾಡಿ ಮಗಳಿಗೆ ಕೊಡುವವಳು. ಮನೆಯ ಮೇಜುಗಳ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದ್ದೇನೆ. ಕಿಟಕಿಗೆ ಜಾಲರಿ ಇದೆ, ಜಾಲರಿಗೆ ಚಿಲಕ ಇದೆ, ಚಿಲಕಕ್ಕೆ ದಾರ ಕಟ್ಟಿದೆ. "ಇವಳು ಬಿಟ್ರೆ ನೀರನ್ನೂ ಅಗಿದು ಕುಡಿ ಅಂತಾಳೆ" ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಂಥ ಮನೆಗೆ ನಮ್ಮತ್ತೆ ಬಂದೂಕು ತಂದರು.

ಅದು ಶುರುವಾದದ್ದು ಒಂದು ಪರದೆಯಿಂದ. ನಮ್ಮ ಬೀದಿಯ ಕೊನೆಯಲ್ಲಿ ಷಟಲ್ ಆಡುವ ಕಟ್ಟಡವಿದೆ, ಅದರ ಮಹಡಿಯಲ್ಲಿ ಏರ್‌ಗನ್ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ಗುರಿ ಕಾರ್ಡುಗಳ ಹಿಂದೆ ದಪ್ಪ ಕ್ಯಾನ್ವಾಸಿನ ಪರದೆ ತೂಗುಹಾಕಿರುತ್ತಾರೆ, ದಾರಿ ತಪ್ಪಿದ ಗುಂಡು ಅದಕ್ಕೆ ಬಡಿದು ಕೆಳಗೆ ಬೀಳಲಿ ಎಂದು. ಆ ಪರದೆ ಹರಿದು ಜರಡಿಯಾಗಿತ್ತು. ಅಷ್ಟು ದಪ್ಪದ ಬಟ್ಟೆಗೆ ಕೈಹಾಕುವವರು ಯಾರೂ ಸಿಗದೆ ಅಲ್ಲಿನ ಕೋಚ್, ಯಾರದೋ ಮಾತು ಕೇಳಿ, ಅತ್ತೆಯನ್ನು ಕರೆದರು. ಕೋಚ್ ಎಂದರೆ ನಲವತ್ತು ದಾಟಿದ, ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ಅತ್ತೆ ಪರದೆ ಅಳೆದು, ಹೊಲಿದು, ಏಣಿ ಹತ್ತಿ ತಾವೇ ಕಟ್ಟಿ ಇಳಿದಾಗ ಕೋಚ್ ತಮಾಷೆಗೆ, "ನಿಮ್ಮ ಪರದೆ ತಡೆಯುತ್ತೋ ಇಲ್ವೋ ನೀವೇ ಪರೀಕ್ಷೆ ಮಾಡ್ಬಿಡಿ ಅಮ್ಮ" ಎಂದು ಕ್ಲಬ್ಬಿನ ಒಂದು ಏರ್‌ಗನ್ ಕೈಗೆ ಕೊಟ್ಟರು.

ಪರದೆಯ ಪರೀಕ್ಷೆ ಅವತ್ತು ಆಗಲಿಲ್ಲ. ಗುಂಡು ಕಾರ್ಡಿಗೇ ಬಿತ್ತು.

ಸಂಜೆ ಮನೆಗೆ ಬಂದವರು ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕಪ್ಪು ವೃತ್ತ, ಅದರ ಅಂಚಿನಲ್ಲಿ ಅಚ್ಚುಕಟ್ಟಾದ ಒಂದು ತೂತು. "ಟ್ರಿಗರ್ ಎಳೆಯೋವಾಗ ಉಸಿರು ಹಿಡೀಬೇಕಂತೆ" ಎಂದು ಮಗನಿಗೆ ಹೇಳಿದರು. "ನನಗೆ ಯಾರೂ ಹೇಳ್ಕೊಡಲೇ ಇಲ್ಲ. ಅದಾಗೇ ನಿಂತುಬಿಡ್ತು."

ಆಮೇಲೆ ವಾರಕ್ಕೆ ಎರಡು ಮೂರು ಸಲ ಹೋಗತೊಡಗಿದರು. ಫ್ರಿಜ್ಜಿನ ಬಾಗಿಲು ಕಾರ್ಡುಗಳಿಂದ ತುಂಬಿತು. ತೂತುಗಳು ನಿಧಾನಕ್ಕೆ ನಡುವಿನ ಕಡೆ ನಡೆದು ಬರುತ್ತಿದ್ದವು. ಊಟದ ಹೊತ್ತಿಗೆ ಕೈಯನ್ನು ಮುಂದೆ ಚಾಚಿ, ಬೆರಳ ತುದಿ ನೋಡಿಕೊಂಡು, ಅನ್ನಕ್ಕೆ ಕೈಹಾಕುತ್ತಿದ್ದರು. ನರ್ಸುಗಳ ಕೋಟಿನ ಲೆಕ್ಕ ಅಲ್ಲಿ ಚುಕ್ತಾ ಆಗುತ್ತಿದೆ ಎಂದು ನನಗೂ ಅರ್ಥವಾಗುತ್ತಿತ್ತು. ಅದು ಬೀದಿಯ ಕೊನೆಯಲ್ಲಿ, ಮಹಡಿಯ ಮೇಲೆ ನಡೆಯುವಷ್ಟು ದಿನ ನನಗೇನೂ ತಕರಾರಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಅತ್ತೆ, "ಕೋಚ್ ಹೇಳಿದ್ರು, ನಂದೇ ಒಂದು ತಗೋಬೇಕಂತೆ" ಎಂದರು.

ನಾನು ಸೌಟು ಕೆಳಗಿಟ್ಟೆ. "ನಿಮ್ದೇ ಅಂದ್ರೆ? ಮನೇಲಿ ಇಡೋಕಾ?"

"ಮತ್ತೆ ಬಸ್ ಸ್ಟ್ಯಾಂಡಲ್ಲಿ ಇಡ್ಲಾ? ಕ್ಲಬ್ಬಿನದು ಎಲ್ಲರ ಭುಜಕ್ಕೂ ತಿಕ್ಕಿ ತಿಕ್ಕಿ ಯಾರದ್ದೂ ಅಲ್ಲದ ಹಾಗಾಗಿದೆ. ಇನ್ನೊಬ್ಬರ ಕತ್ತರೀಲಿ ಎಷ್ಟು ದಿನ ಕತ್ತರಿಸೋಕಾಗುತ್ತೆ ಹೇಳು."

ನಾನು ಗಂಡನ ಮುಖ ನೋಡಿದೆ. ಅವರು ತಟ್ಟೆ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕೊನೆಗೆ, "ಅಮ್ಮ ಆರಿಸ್ಲಿ, ನೀನೂ ಜೊತೇಲಿ ಹೋಗು. ನೀನು ಒಪ್ಪಿದ್ದನ್ನೇ ತರ್ಲಿ" ಎಂದು ಎರಡೂ ಕಡೆಗೆ ಒಂದೊಂದು ತುತ್ತು ಹಾಕಿ ಎದ್ದುಹೋದರು.

ನಾನು ಓದಬೇಕಾದದ್ದೆಲ್ಲವನ್ನೂ ಓದಿಕೊಂಡು ಹೋದೆ. ಗುಂಡು ಕಣ್ಣಿಗೆ ಬಡಿದರೆ ಏನಾಗುತ್ತದೆ, ಎಷ್ಟು ದೂರ ಹಾರುತ್ತದೆ, ಮಕ್ಕಳಿರುವ ಮನೆಯಲ್ಲಿ ಏನೇನು ಆಗಿದೆ. ಅತ್ತೆ ಕೈಚೀಲದಲ್ಲಿ ಅಳತೆ ಟೇಪು ಹಾಕಿಕೊಂಡು ಬಂದರು.

ಅಂಗಡಿಯವರು ಹೊಟ್ಟೆ ಮುಂದೆ ಬಂದ, ನಗುಮೊಗದ ಮನುಷ್ಯ. ಟೆನಿಸ್ ಬ್ಯಾಟು, ಈಜುಗನ್ನಡಕ, ಕೇರಂ ಬೋರ್ಡುಗಳ ಹಿಂದಿನ ಗೋಡೆಯಲ್ಲಿ ಏರ್‌ಗನ್‌ಗಳ ಸಾಲು. ನಾನೇ ಕೊಳ್ಳುವವಳು ಎಂದುಕೊಂಡು ನನ್ನ ಕಡೆ ತಿರುಗಿ, ಮೇಲೊಂದು ದೂರದರ್ಶಕ ಕೂರಿಸಿದ ಕರಿಯ ಬಂದೂಕನ್ನು ಇಳಿಸಿದರು. "ಇದು ನೋಡಿ ಮೇಡಂ, ಹುಲಿ. ನಮ್ಮಲ್ಲಿ ಜಾಸ್ತಿ ಹೋಗೋದೇ ಇದು."

"ನನಗೆ ಬೆಕ್ಕು ಸಾಕು" ಎಂದರು ಅತ್ತೆ. "ಕೊಳ್ಳೋಳು ನಾನು."

ಅಂಗಡಿಯವರು ಒಂದು ಗಳಿಗೆ ಇಬ್ಬರನ್ನೂ ನೋಡಿ, ಹುಲಿಯನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಎತ್ತಿ ಭುಜಕ್ಕಿಟ್ಟು ಸುಮ್ಮನೆ ನಿಂತರು. ಅಂಗಡಿಯವರು ಅದರ ಗುಣಗಾನ ಮಾಡಿದರು, ಅತ್ತೆ ನಿಂತೇ ಇದ್ದರು. ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಬಂದರು, ಆಗಲೂ ಅತ್ತೆ ಕದಲಿರಲಿಲ್ಲ. ನಳಿಗೆಯ ತುದಿ ಮಾತ್ರ ಮೆಲ್ಲಗೆ ತೂಗಾಡತೊಡಗಿತ್ತು.

"ಅಮ್ಮ, ಸಾಕಾಯ್ತಾ?"

"ಎತ್ತೋವಾಗ ಎಲ್ಲಾ ಹಗುರ. ಆಮೇಲೆ ತಾನೇ ಅದರ ಬುದ್ಧಿ ಗೊತ್ತಾಗೋದು." ವಾಪಸು ಕೊಟ್ಟರು. "ಮೂತಿ ಭಾರ. ಈ ದುರ್ಬೀನೂ ಬೇಡ. ಮೊದಲು ಬರಿಗಣ್ಣಲ್ಲಿ ಕಲೀರಿ ಅಂದಿದಾರೆ ಕೋಚ್. ಬೇರೆ ತೋರಿಸಿ."

ಎರಡನೆಯದನ್ನು ಮಡಚಲಿಕ್ಕೆ ಹೋಗಿ ಸೋತರು. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಪ್ರತಿ ಗುಂಡಿಗೂ ಹಾಗೆ ಬಗ್ಗಿಸಬೇಕು. ಇದರ ಸ್ಪ್ರಿಂಗಿಗೆ ಪೈಲ್ವಾನನ ತೋಳು ಬೇಕಿತ್ತು. ಮೂರನೆಯದು ಬಗ್ಗಿತು, ತೂಗಿತು, ಹಿಡಿಸಿತು ಕೂಡ. ಅತ್ತೆ ಟೇಪು ತೆಗೆದು ಟ್ರಿಗರಿನಿಂದ ಹಿಂಬದಿಯ ಮರದ ತುದಿಗೆ ಅಳೆದರು. ಆಮೇಲೆ ತಮ್ಮ ಮೊಣಕೈ ಒಳಮಡಿಕೆಯಿಂದ ತೋರುಬೆರಳಿಗೆ ಅಳೆದರು. ಮುಖ ಸಣ್ಣದಾಯಿತು.

"ತೋಳು ಉದ್ದ ಆಯ್ತಲ್ಲ. ಹಿಂದ್ಗಡೆ ಒಂದಿಂಚು ತೆಗೆದುಕೊಡ್ತೀರಾ?"

"ಇದೇನು ಶರ್ಟಾ ಅಮ್ಮ?" ಅಂಗಡಿಯವರು ನಗುವುದೋ ಅಳುವುದೋ ತಿಳಿಯದೆ ನನ್ನ ಕಡೆ ನೋಡಿದರು.

"ಶರ್ಟು ಉದ್ದ ಆದ್ರೆ ಮಡಚಿಕೊಳ್ಳಬಹುದು. ಇದು ಉದ್ದ ಆದ್ರೆ ಕತ್ತು ಚಾಚಬೇಕು. ಕತ್ತು ಚಾಚಿದ್ರೆ ಕೈ ನಡುಗುತ್ತೆ." ಅವರ ಕಣ್ಣು ಗೋಡೆಯ ಕೆಳಗಿನ ಸಾಲಿಗೆ ಹೋಯಿತು. "ಅದೇನು, ಆ ನೀಲಿದು?"

"ಅದು ಮಕ್ಕಳದು. ಹನ್ನೆರಡು ಹದಿಮೂರು ವರ್ಷದೋರು ಕಲಿಯೋಕೆ."

"ನಾನೂ ಈಗ ಒಂದನೇ ಕ್ಲಾಸೇ. ಕೊಡಿ."

ನೀಲಿ ಬಣ್ಣದ, ಮೋಟುಗಾತ್ರದ, ಆಟಿಕೆಯಂಥ ಏರ್‌ಗನ್. ಅತ್ತೆ ಅದನ್ನು ಬಗ್ಗಿಸಿದರು, ಹಿಡಿದರು, ಅಳೆದರು. ಅಂಗಡಿಯವರು ಟೀ ತರಿಸಿದರು. ಟೀ ಆರಿತು. ನಳಿಗೆಯ ತುದಿ ಗೋಡೆಗೆ ಮೊಳೆ ಹೊಡೆದಂತೆ ನಿಂತಿತ್ತು. ನನಗೂ ಅದೇ ಒಪ್ಪಿಗೆಯಾಯಿತು. ಎಲ್ಲಕ್ಕಿಂತ ಕಡಿಮೆ ಜೋರಿನದು ಅದೇ ಎಂದು ಅಂಗಡಿಯವರ ಬಾಯಿಂದ ನಾಲ್ಕು ಸಲ ಹೇಳಿಸಿದ್ದೆ. ಮೂತಿ ಚಪ್ಪಟೆಯಾದ ಗುಂಡುಗಳ ಒಂದು ಡಬ್ಬಿಯನ್ನೂ ಕೊಂಡೆವು. ಮೊನಚು ಗುಂಡು ಕಾಗದವನ್ನು ಹರಿಯುತ್ತದೆ, ಚಪ್ಪಟೆಯದು ದುಂಡಗೆ ಕತ್ತರಿಸುತ್ತದೆ ಎಂದದ್ದು ಅತ್ತೆಗೆ ಬಹಳ ಹಿಡಿಸಿತು.

ಮನೆಯ ಬಾಗಿಲಲ್ಲಿ ನಾನು ನನ್ನ ಷರತ್ತುಗಳನ್ನು ಹೇಳಿದೆ. ಬಂದೂಕು ಅತ್ತೆಯ ಕಪಾಟಿನಲ್ಲಿ, ಬೀಗದೊಳಗೆ. ಗುಂಡಿನ ಡಬ್ಬಿ ನನ್ನ ಕೋಣೆಯಲ್ಲಿ, ಬೇರೆ ಬೀಗದೊಳಗೆ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು.

"ಆದ್ರೆ ಒಳಗೆ ಒಂದು ಗುಂಡು ಉಳ್ಕೊಂಡಿದ್ರೆ?" ಎಂದೆ.

"ಬಗ್ಗಿಸಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದ್ರೆ ಕಾಣುತ್ತಲ್ಲ. ಬಾ, ನೋಡು."

"ಅಯ್ಯೋ ಅತ್ತೆ, ಬಂದೂಕಿನ ನಳಿಗೆಯೊಳಗೆ ಕಣ್ಣಿಡು ಅಂತೀರಲ್ಲ. ಅದೊಂದನ್ನ ಮಾಡಬಾರದು ಅಂತಾನೇ ಎಲ್ಲರೂ ಬರೆದಿರೋದು."

ಅತ್ತೆ ಬೈಯಲಿಲ್ಲ. ಒಳಗೆ ಹೋಗಿ ಚಿಂದಿ ತುಂಬಿದ ಒಂದು ಹಳೆಯ ಚೀಲ ತಂದು ಬಾಗಿಲ ಪಕ್ಕದ ಗೋಡೆಗೆ ಒರಗಿಸಿದರು. ಏರ್‌ಗನ್ ಬಗ್ಗಿಸಿ, ಮುಚ್ಚಿ, ಚೀಲಕ್ಕೆ ಮೂತಿಯಿಟ್ಟು ಟ್ರಿಗರ್ ಎಳೆದರು. ಠಪ್ ಎಂದಿತು. ಚೀಲ ಅಲುಗಲಿಲ್ಲ.

"ನೋಡು, ಖಾಲಿ. ಸರಿಯಾ?"

ಸರಿಯಾಯಿತು. ಅಷ್ಟು ಸರಿಯಾಯಿತೆಂದರೆ ಅದೇ ನಮ್ಮ ಮನೆಯ ನೇಮವಾಯಿತು. ಗುರಿ ಹೊಡೆಯುವ ಮಹಡಿ, ಅತ್ತೆಯ ಬಾಯಲ್ಲಿ ರೇಂಜು, ಅಲ್ಲಿಂದ ಬಂದೊಡನೆ ಠಪ್, ಹೊರಡುವಾಗ ಠಪ್. ಕೆಲವು ದಿನ ಆಫೀಸಿನಿಂದ ಬಂದೊಡನೆ ನನ್ನ ಮುಖ ಬಾಡುತ್ತಿತ್ತು. ಪುಟ್ಟಿ ಕಪಾಟಿನ ಹತ್ತಿರ ಆಡುತ್ತಿದ್ದಳೆಂದೋ, ಬೀಗದ ಕೈ ಎಂದಿನ ಜಾಗದಲ್ಲಿ ಇರಲಿಲ್ಲವೆಂದೋ. ನಾನು ಬಾಯಿಬಿಟ್ಟು ಕೇಳುವ ಮೊದಲೇ ಅತ್ತೆ ಎದ್ದು ಕಪಾಟು ತೆಗೆಯುತ್ತಿದ್ದರು. "ಬಾ ತಾಯಿ, ನಿನ್ನ ಸಮಾಧಾನಕ್ಕೆ." ಠಪ್. ರೇಂಜಿನಲ್ಲಿ ಪಳಗಿದವರು ಗುಂಡಿಲ್ಲದೆಯೇ ಗುರಿಯಿಟ್ಟು ಟ್ರಿಗರ್ ಎಳೆಯುತ್ತಾ ಅಭ್ಯಾಸ ಮಾಡುವುದನ್ನು ಅವರು ದಿನವೂ ನೋಡುತ್ತಿದ್ದರು. ಹಾಗಾಗಿ ಇದರಲ್ಲೇನೋ ತಪ್ಪಿದೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಬಂದೂಕಿನ ಜೊತೆ ಬಂದ ಪುಸ್ತಿಕೆಯಲ್ಲಿ ಮನುಷ್ಯರಿಗಾಗುವ ಅಪಾಯದ ಪುಟಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಬಂದೂಕಿಗಾಗುವ ಅಪಾಯದ ಪುಟ ತಿರುವಿರಲಿಲ್ಲ. ಪುಟ್ಟಿಯಂತೂ ಕೊಡೆಯನ್ನು ಚಿಂದಿ ಚೀಲಕ್ಕೆ ಒತ್ತಿ, "ನೋದು, ಕಾಲಿ, ಸರಿಯಾ?" ಎಂದು ಅಪ್ಪನಿಗೆ ಅಭಯ ಕೊಡುತ್ತಿದ್ದಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು" ಎಂದು ನನ್ನ ಗಂಡ ಒಮ್ಮೆ ನಕ್ಕರು. "ನಿನ್ನ ಕಾಲದಲ್ಲಿ ಅತ್ತೆ ದಿನಾ ಬಂದೂಕು ಒಪ್ಪಿಸಬೇಕು."

"ನೀನು ಸುಮ್ನಿರೋ" ಎಂದರು ಅತ್ತೆ. "ಅವಳು ನೆಮ್ಮದಿಯಾಗಿದ್ರೆ ನನಗೆ ಗುರಿ ಸರಿಯಾಗಿ ಬೀಳುತ್ತೆ."

ಮೊದಮೊದಲು ಚೆನ್ನಾಗಿಯೇ ಬೀಳುತ್ತಿತ್ತು. ನೀಲಿ ಬಂದೂಕಿನ ಕಾರ್ಡುಗಳು ಹಳೆಯವನ್ನು ಫ್ರಿಜ್ಜಿನ ಬಾಗಿಲಿನಿಂದ ಇಳಿಸಿದವು. ಆಮೇಲೆ ಯಾವಾಗಲೋ ಹೊಸ ಕಾರ್ಡು ಬರುವುದು ನಿಂತಿತು. ನನ್ನ ಗಮನಕ್ಕೆ ಅದು ತಡವಾಗಿ ಬಂತು. ಬಂದಾಗ ನಿಜ ಹೇಳಬೇಕೆಂದರೆ ಒಳಗೊಳಗೇ ಹಗುರಾಯಿತು. ಬೇಸರ ಬಂದಿರಬೇಕು, ಇನ್ನೆರಡು ತಿಂಗಳಲ್ಲಿ ಬಂದೂಕು ಮನೆ ಬಿಡುತ್ತದೆ ಎಂದುಕೊಂಡೆ.

ಹಾಗಿರುವಾಗ ಪುಟ್ಟಿಯ ಹೊಸ ಫ್ರಾಕಿನ ಅಂಚು ಇಳಿಸಬೇಕಾಗಿ ಬಂತು. ಅತ್ತೆಯ ಮುಂದಿಟ್ಟೆ. ಅವರು ಅದನ್ನು ಮುಟ್ಟಿ, ಮಡಚಿ, ನನ್ನ ಕೈಗೇ ಕೊಟ್ಟರು. "ಮೂಲೆ ಅಂಗಡಿ ಟೈಲರ್‌ಗೆ ಕೊಟ್ಬಿಡು."

ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಒಂದು ಕರವಸ್ತ್ರವೂ ಹೊರಗಿನ ಟೈಲರ್ ಕೈ ಕಂಡಿದ್ದಿಲ್ಲ. "ಯಾಕತ್ತೆ, ಕಣ್ಣು ನೋವಾ?" ಎಂದೆ.

"ಕಣ್ಣಲ್ಲ." ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಇಳೀತಾ ಇದೆ ಕಣೇ. ಗುಂಡು ದಿನಾ ಇಷ್ಟಿಷ್ಟೇ ಕೆಳಗೆ ಬೀಳುತ್ತೆ. ಗುರಿ ನೋಡೋ ಪಟ್ಟಿ ಇದೆಯಲ್ಲ, ಅದನ್ನ ಮೇಲೆ ತಿರುಗಿಸಿದೆ, ಇನ್ನೂ ತಿರುಗಿಸಿದೆ, ಈಗ ತಿರುಪೇ ಮುಗೀತು. ಒಂದು ಇಲ್ಲಿ, ಒಂದು ಅಲ್ಲಿ. ಅವತ್ತು ಕಾರ್ಖಾನೇಲಿ ಏನಾಯ್ತೋ ಅದೇ ಇದು. ಕೈ ಹೋಗಿದೆ. ಮಧ್ಯೆ ಸ್ವಲ್ಪ ದಿನ ನನ್ನನ್ನ ನಂಬಿಸಿತ್ತು ಅಷ್ಟೇ."

ನಾನು ಫ್ರಾಕನ್ನು ಪಕ್ಕಕ್ಕಿಟ್ಟು ಅವರ ಹತ್ತಿರ ಕೂತೆ.

"ಶನಿವಾರ ಕೋಚ್ ಹತ್ರ ಹೋಗೋಣ" ಎಂದರು. "ಬಂದೂಕು ಬೇಕಾದೋರಿಗೆ ಕೊಡಿಸಿಬಿಡ್ಲಿ. ನಿನಗೂ ನಿರಾಳ."

ನಾನು ಬೇಡಿಕೊಂಡದ್ದು ಅದೇ. ಆದರೆ ಅವರ ಬಾಯಿಂದ ಅದು ಬಂದಾಗ ನಿರಾಳವಾಗಲಿಲ್ಲ. ಬಂದೂಕು ಹೋಗಲಿ. ಅದರ ಜೊತೆ ಅತ್ತೆಯ ಕೈಯೂ ಹೋಗುತ್ತಿತ್ತು. ಆ ಕೈ ಹೋದ ಮೇಲೆ ನಮ್ಮ ಮನೆಯಲ್ಲಿ ಅತ್ತೆಯೆಂದು ಉಳಿಯುವವರು ಯಾರೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಪುಟ್ಟಿಯನ್ನು ಅವಳಪ್ಪನ ಬಳಿ ಬಿಟ್ಟು ಇಬ್ಬರೂ ಹೋದೆವು. ನಾನು ಆ ಮಹಡಿ ಹತ್ತಿದ್ದು ಅದೇ ಮೊದಲು. ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಮೇಜುಗಳು, ಇನ್ನೊಂದು ತುದಿಯಲ್ಲಿ ದೀಪದ ಕೆಳಗೆ ಕಾರ್ಡುಗಳು, ಅವುಗಳ ಹಿಂದೆ ಅತ್ತೆ ಹೊಲಿದ ಪರದೆ. ಕೆಳಗಿನಿಂದ ಷಟಲ್ ಆಡುವವರ ಬೂಟಿನ ಕೀರಲು ಕೇಳುತ್ತಿತ್ತು. ಗೋಡೆಗೆ ಅಂಟಿಕೊಂಡು ನಿಂತೆ.

ಕೋಚ್ ಅತ್ತೆಯ ಮಾತನ್ನೆಲ್ಲ ಕೇಳಿದರು. "ಕೈ ಹೋಗಿದ್ಯಾ? ಎಲ್ಲಿಗೆ ಹೋಗುತ್ತೆ, ಇಲ್ಲೇ ಇದೆಯಲ್ಲ" ಎಂದು ನೀಲಿ ಬಂದೂಕನ್ನು ತಾವೇ ತೆಗೆದುಕೊಂಡರು. ಮೇಜಿನ ಮೇಲೆ ಮರಳು ತುಂಬಿದ ಒಂದು ದಿಂಬಿಟ್ಟು, ಬಂದೂಕನ್ನು ಅದರ ಮೇಲೆ ಅಲುಗದಂತೆ ಒರಗಿಸಿ, ಒಂದಾದ ಮೇಲೊಂದು ಹೊಡೆದರು. ಕಾರ್ಡು ತರಿಸಿ ನೋಡಿದರು. ಒಂದು ಗುಂಡು ಕಾರ್ಡಿನ ಕೆಳ ಅಂಚಿಗೆ, ಒಂದು ಪಕ್ಕಕ್ಕೆ, ಒಂದು ಕಾರ್ಡಿಗೇ ಬಿದ್ದಿರಲಿಲ್ಲ.

"ಮಾಸ್ಟರಮ್ಮ, ನನ್ನ ಕೈಯೂ ಹೋಯ್ತಾ ಹಾಗಾದ್ರೆ?" ಎಂದರು. ಬಂದೂಕನ್ನು ಬಗ್ಗಿಸಿ ಕಿವಿಯ ಹತ್ತಿರ ಹಿಡಿದರು. ಒಳಗೆ ಏನೋ ಕರಕರ ಎಂದಿತು. "ಇದನ್ನ ಯಾರಾದ್ರೂ ಗುಂಡಿಲ್ಲದೆ ಹೊಡೀತಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಕತ್ತಿಗೆ ಹೋಯಿತು.

"ನಾನೇ" ಎಂದರು ಅತ್ತೆ, ನನ್ನ ಕಡೆ ನೋಡದೆ. "ಮೊಮ್ಮಗಳಿಗೆ ಆಟ ತೋರಿಸೋಕೆ ಅಂತ. ಒಂದೆರಡು ಸಲ. ಇಲ್ಲಿ ದೊಡ್ಡೋರೆಲ್ಲ ಹಾಗೇ ಮಾಡ್ತಾರಲ್ಲ."

"ಅವರದು ಗಾಳಿ ಸಿಲಿಂಡರಿಂದು ಅಮ್ಮ, ಅದಕ್ಕೇ ಅಂತ ಬೇರೆ ಏರ್ಪಾಡಿರುತ್ತೆ. ನಿಮ್ದು ಸ್ಪ್ರಿಂಗಿಂದು. ಮುಂದೆ ಗುಂಡಿದ್ರೆ ಅದನ್ನ ತಳ್ಳೋ ಗಾಳಿಯೇ ಒಳಗಿನ ಪಿಸ್ಟನ್‌ಗೆ ದಿಂಬಿನ ಹಾಗೆ. ಗುಂಡಿಲ್ಲದಿದ್ರೆ ದಿಂಬೂ ಇಲ್ಲ, ಅದು ಹೋಗಿ ಕಬ್ಬಿಣಕ್ಕೆ ತಲೆ ಚಚ್ಚಿಕೊಳ್ಳುತ್ತೆ. ವಾಷರ್ ಹೋಗಿದೆ, ಸ್ಪ್ರಿಂಗೂ ಸೋತಿದೆ. ಒಂದೆರಡು ಸಲಕ್ಕೆ ಹೀಗಾಗಲ್ಲ."

"ಒಂದೆರಡು ಸಲ ಅಲ್ಲ" ಎಂದೆ. "ದಿನಾ. ನನಗೆ ತೋರಿಸೋಕೆ, ಖಾಲಿ ಇದೆ ಅಂತ. ಮಗುವಿನ ಆಟ ಅಲ್ಲ."

ಕೋಚ್ ನನ್ನನ್ನೂ ಅತ್ತೆಯನ್ನೂ ನೋಡಿದರು. "ಮನೆಗೆ ತಗೊಂಡು ಹೋಗೋವಾಗ ಇದನ್ನ ನಾನು ಹೇಳಬೇಕಿತ್ತು" ಎಂದರಷ್ಟೆ.

ಅತ್ತೆ ಬಂದೂಕನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ನೀಲಿ ಮರದ ಮೇಲೆ ಬೆರಳಾಡಿಸಿದರು. "ಪಾಪ, ನಾನು ನನ್ನ ಕೈಗೆ ಬೈತಿದ್ದೆ, ಇದು ಒಳಗೇ ಪೆಟ್ಟು ತಿಂತಿತ್ತು" ಎಂದರು. ಆಮೇಲೆ ಬಹಳ ಮೆಲ್ಲಗೆ, "ಇದು ಕೆಟ್ಟಿದೆ ಅಂದ ಮಾತ್ರಕ್ಕೆ ಕೈ ಸರಿ ಇದೆ ಅಂತ ಏನಿಲ್ಲವಲ್ಲ" ಎಂದು ಕೋಚ್‌ಗೆ ಹೇಳಿದರು.

"ಅದಕ್ಕೇನು, ನೋಡೇಬಿಡೋಣ." ಕೋಚ್ ಗೋಡೆಯಿಂದ ಕ್ಲಬ್ಬಿನ ಹಳೆಯ ಬಂದೂಕೊಂದನ್ನು ಇಳಿಸಿದರು.

ಅತ್ತೆ ಮುಟ್ಟಲಿಲ್ಲ. ನಾನು ಅವರ ಮುಖ ನೋಡಿದೆ. ಗುಂಡಿ ನೋಡುವ ಮೇಜಿಗೆ ಹೋಗು ಎಂದು ಹೇಳಿಸಿಕೊಂಡ ದಿನವೂ ಈ ಮುಖ ಹೀಗೆಯೇ ಇದ್ದಿರಬೇಕು. ಬಂದೂಕು ಕೆಟ್ಟಿದೆ ಎಂದು ಇಲ್ಲಿಗೇ ಎದ್ದು ಹೋದರೆ ಕೈ ಸರಿಯಿದೆ ಎಂಬ ಆಸೆಯಾದರೂ ಉಳಿಯುತ್ತಿತ್ತು. ಹೊಡೆದು ತಪ್ಪಿದರೆ ಅದೂ ಇಲ್ಲ.

"ಬೇಡ ಅನ್ನಿಸಿದ್ರೆ ಬಿಡಿ ಅತ್ತೆ, ಮನೆಗೆ ಹೋಗೋಣ" ಎಂದೆ.

"ನೀನು ಹೀಗಂದ್ರೆ ನಾನು ಹೋಗಿಬಿಡ್ತೀನಿ ಕಣೇ" ಎಂದು ಎದ್ದರು. "ಹಾಗನ್ನಬೇಡ."

ಉದ್ದ ತೋಳಿನ ಬಂದೂಕು, ಕತ್ತು ಚಾಚಬೇಕಾಯಿತು. ಮೊದಲ ಗುಂಡಿಗೆ ಬಹಳ ಹೊತ್ತು ಹಿಡಿದರು. ನನಗೆ ಆಗ ಅದು ಕೇಳಿಸಿತು, ಪಕ್ಕದ ಮೇಜಿನವರು ಹೇಳುತ್ತಿದ್ದರಲ್ಲ, ಉಸಿರು ನಿಲ್ಲುವುದು. ಕೆಳಗಿನ ಆಟದ ಗಲಾಟೆಯ ನಡುವೆಯೂ. ಠಪ್. ಬಗ್ಗಿಸಿದರು, ಗುಂಡಿಟ್ಟರು, ಮುಚ್ಚಿದರು. ಮತ್ತೆ ಉಸಿರು ನಿಂತಿತು. ನನ್ನದೂ.

ಐದು ಹೊಡೆದು ಬಂದೂಕು ಕೆಳಗಿಟ್ಟರು. ಕೋಚ್ ಹಗ್ಗ ಎಳೆದು ಕಾರ್ಡನ್ನು ತಂದರು. ನಡುವಿನ ಕಪ್ಪು ವೃತ್ತ ಹಾಗೆಯೇ ಇತ್ತು, ಒಂದು ತೂತೂ ಇಲ್ಲ. ಐದೂ ವೃತ್ತದ ಹೊರಗೆ, ಎಡಕ್ಕೆ.

ಅತ್ತೆ ಕಾರ್ಡನ್ನು ಕೈಗೆ ತೆಗೆದುಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆ ಐದು ತೂತುಗಳನ್ನು ಶರ್ಟಿನ ಒಂದೇ ಗುಂಡಿಯಿಂದ ಮುಚ್ಚಬಹುದಿತ್ತು. ಒಂದರ ಅಂಚು ಇನ್ನೊಂದನ್ನು ಕತ್ತರಿಸಿತ್ತು.

"ತಪ್ಪಿದ್ದೀರಿ" ಎಂದರು ಕೋಚ್.

"ತಪ್ಪಿದೀನಿ" ಎಂದರು ಅತ್ತೆ. ಅವರ ಮುಖದ ಒಂದೊಂದೇ ಗೆರೆ ಸಡಿಲವಾಗುತ್ತಿತ್ತು. "ಆದ್ರೆ ಐದೂ ಒಂದೇ ಕಡೆ."

"ಅಲ್ವಾ ಮತ್ತೆ. ಕೈ ಹೋದೋರಿಗೆ ಒಂದೇ ಕಡೆ ತಪ್ಪೋಕೆ ಬರುತ್ತಾ? ಈ ಬಂದೂಕಿನ ಗುರಿ ಪಟ್ಟಿ ಯಾರೋ ಎಡಕ್ಕೆ ತಿರುಗಿಸಿ ಹೋಗಿದಾರೆ, ಅಷ್ಟೇ."

ಅತ್ತೆ ನನ್ನ ಕಡೆ ತಿರುಗಿ, ಕಲಿಸುವವರ ಹಾಗೆ, ಬೆರಳಿನಿಂದ ಆ ತೂತುಗಳ ಸುತ್ತ ಒಂದು ಗೆರೆ ಎಳೆದರು. "ನೋಡು. ಎಲ್ಲಾ ಪದರ ಒಂದೇ ಥರ ಕತ್ತರಿಸಿದೆ. ಗೆರೆ ಹಾಕಿದ್ದು ತಪ್ಪಿದ್ರೆ ಕತ್ತರಿಸಿದೋಳ ತಪ್ಪಲ್ಲ." ಹೇಳಿ ಬೆಂಚಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಕೋಚ್ ದೊಡ್ಡ ದನಿಯಲ್ಲಿ ಬೇರೆ ಯಾರನ್ನೋ ಬೈಯಲು ಆಚೆ ಹೋದರು.

ನೀಲಿ ಬಂದೂಕನ್ನು ಅಂಗಡಿಗೆ ರಿಪೇರಿಗೆ ಕೊಟ್ಟೆವು. ಒಳಗಿನ ಸ್ಪ್ರಿಂಗು, ವಾಷರು ಬದಲಾಯಿಸಿ ಕೊಡುವಾಗ ಅಂಗಡಿಯವರು, "ಇನ್ನಾದ್ರೂ ಗುಂಡು ಹಾಕಿ ಹೊಡೀರಿ ಅಮ್ಮ" ಎಂದರು. "ಗುಂಡು ಹಾಕಿ ಹೊಡೆದ್ರೆ ಸೊಸೆ ಮನೆ ಬಿಡ್ತಾಳೆ, ಹಾಕದೆ ಹೊಡೆದ್ರೆ ಬಂದೂಕು ಮನೆ ಬಿಡುತ್ತೆ" ಎಂದು ಅತ್ತೆ ಅಂಗಡಿಯಲ್ಲಿದ್ದವರನ್ನೆಲ್ಲ ನಗಿಸಿದರು. ನಾನೂ ನಕ್ಕೆ.

ಆದರೆ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಇನ್ನು ಮುಂದೆ ತೋರಿಸಬೇಡಿ, ನಾನು ನಂಬುತ್ತೇನೆ ಎಂದು ಹೇಳಬೇಕು ಎಂದುಕೊಂಡೆ. ಬಾಗಿಲ ಹತ್ತಿರ ಬಂದಾಗ ಹೇಳಿಯೇಬಿಟ್ಟೆ.

"ಸುಳ್ಳು" ಎಂದರು ಅತ್ತೆ, ಚಪ್ಪಲಿ ಬಿಡುತ್ತಾ. "ನಂಬ್ತೀನಿ ಅಂತೀಯ, ಆಮೇಲೆ ಹಾಸಿಗೇಲಿ ಹೊರಳಾಡ್ತೀಯ. ನಾನೂ ನಿನ್ನ ಗಂಡನ್ನ ಹೆತ್ತಾಗ ಕಾರ್ಖಾನೆಯಿಂದ ಬಂದು ಸೀರೆ ಕೊಡವಿ, ಒಂದು ಸೂಜಿ ಎಲ್ಲೂ ಇಲ್ಲ ಅಂತ ನೋಡ್ಕೊಂಡೇ ಎತ್ಕೊಳ್ತಿದ್ದೆ. ನಂಬಿಕೆ ಗಿಂಬಿಕೆ ಬೇಡ. ಇರು."

ಒಳಗಿನಿಂದ ಪಾಯಿಜಾಮದ ಲಾಡಿ ತಂದರು, ಉದ್ದನೆಯ, ಕಿತ್ತಳೆ ಬಣ್ಣದ್ದು, ಕಣ್ಣಿಗೆ ಹೊಡೆಯುವಂಥದ್ದು. ಬಂದೂಕನ್ನು ಸ್ಪ್ರಿಂಗ್ ಬಿಗಿಯದಷ್ಟು ಮಾತ್ರ ಬಗ್ಗಿಸಿ, ಲಾಡಿಯ ತುದಿಗೆ ತೆಳು ತಂತಿ ಸುತ್ತಿ, ನಳಿಗೆಯ ಹಿಂಬದಿಯಿಂದ ಪೋಣಿಸಿದರು. ಅದು ಮೂತಿಯಿಂದ ಈಚೆ ಬಂತು. ಎರಡೂ ಕಡೆ ಬಾಲ ತೂಗಾಡುತ್ತಿತ್ತು. "ಒಳಗೆ ಗುಂಡಿದ್ರೆ ಇದು ದಾಟಲ್ಲ. ಇದು ಕಾಣ್ತಿದ್ರೆ ಖಾಲಿ. ಇದು ಇರೋವಾಗ ಹೊಡೆಯೋಕೂ ಆಗಲ್ಲ, ಬಂದೂಕು ಮುಚ್ಚೋದೇ ಇಲ್ಲ. ಎಳೆದು ನೋಡು."

ಎಳೆದು ನೋಡಿದೆ. ಆ ಕಡೆಯಿಂದಲೂ ಎಳೆದು ನೋಡಿದೆ. ಸಲೀಸಾಗಿ ಓಡಾಡಿತು.

"ಸರಿಯಾ?"

"ಸರಿ" ಎಂದೆ. ಒಂದು ಗಳಿಗೆ ಬಿಟ್ಟು, "ಲಾಡಿ ಪುಟ್ಟಿ ಕೈಗೆ ಸಿಕ್ಕಿ ಕತ್ತಿಗೆ ಸುತ್ಕೊಂಡ್ರೆ?" ಎಂದೆ.

ಅತ್ತೆ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು. ನಗುವನ್ನು ತಡೆಯಲು ಹಾಗೆ ಮಾಡಿದರೆಂದು ಆಮೇಲೆ ಗೊತ್ತಾಯಿತು. ಕತ್ತರಿ ತರಿಸಿ, ಎರಡೂ ಬದಿಯಲ್ಲಿ ಗೇಣುದ್ದ ಮಾತ್ರ ಬಿಟ್ಟು ಉಳಿದದ್ದನ್ನು ಕತ್ತರಿಸಿದರು.

ಮುಂದಿನ ವಾರ ಅವರು ರೇಂಜಿನಿಂದ ಬಂದಾಗ ನಾನು ತರಕಾರಿ ಹೆಚ್ಚುತ್ತಿದ್ದೆ. ಬಂದೂಕನ್ನು ನನ್ನ ಕಣ್ಣೆದುರೇ ಕಪಾಟಿಗೆ ಸೇರಿಸಿ ಬೀಗ ಹಾಕಿ, ಕೈಚೀಲದಿಂದ ಕಾರ್ಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಪುಟ್ಟಿ ಕುರ್ಚಿ ಹತ್ತಿ ಬಗ್ಗಿ ನೋಡಿದಳು.

"ಮಧ್ಯ ಬಿತ್ತಾ ಅಜ್ಜಿ?"

"ಎಲ್ಲಿ ಬಿತ್ತು. ಮೇಲಕ್ಕೆ ಹೋಗ್ತಿದೆ ಈಗ. ಹೊಸ ಸ್ಪ್ರಿಂಗು, ಸೊಕ್ಕು ಜಾಸ್ತಿ." ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ತೂತುಗಳ ಪಕ್ಕ ಒಂದು ಸಣ್ಣ ಬಾಣ ಬರೆದರು. "ಪಟ್ಟಿ ಎರಡು ಸುತ್ತು ಇಳಿಸಬೇಕು. ಊಟ ಬೇಗ ಹಾಕೇ, ನಾಳೆ ಬೆಳಿಗ್ಗೆ ಮೊದಲನೇ ಜಾಗ ನನಗೇ ಬೇಕು ಅಂತ ಕೋಚ್‌ಗೆ ಹೇಳಿ ಬಂದಿದೀನಿ."